ಅಪ್ಪಯ್ಯನ ಲೆಕ್ಕದ ಪುಸ್ತಕ

ಆ ಮೆಸೇಜನ್ನು ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲವೂ ಅಳಿಸಿದ್ದೆ. ಕಾಲೇಜು ಬ್ಯಾಚಿನ ವಾಟ್ಸಾಪ್ ಗ್ರೂಪು. 'ನಮ್ಮ ತಂದೆ ದುಬೈಯಲ್ಲಿ ತೀರಿಕೊಂಡರು. ಊರಿಗೆ ತರೋಕೆ ದುಡ್ಡು ಸಾಲ್ತಿಲ್ಲ.' ಇಷ್ಟೇ, ಎರಡು ವಾಕ್ಯ. ಮೊದಲನೆಯದು ಹೇಗೋ ಬರೀತಿದ್ದೆ. ಎರಡನೆಯದಕ್ಕೆ ಬೆರಳು ನಿಂತುಬಿಡ್ತಿತ್ತು. ಸಾಫ್ಟ್‌ವೇರ್ ಇಂಜಿನಿಯರ್ ಆಗಿ ಹೆಣ ತರೋಕೆ ದುಡ್ಡು ಕೇಳ್ತಾನಾ ಅನ್ನಲ್ವಾ? ನಾನು ಕೆಲಸ ಕಳಕೊಂಡು ಎರಡು ತಿಂಗಳಾಗಿದ್ದು ಯಾರಿಗೂ ಗೊತ್ತಿರಲಿಲ್ಲ. ಉಳಿಸಿದ್ದೆಲ್ಲ ಇಎಂಐ ತಿಂದಿತ್ತು. ಅಪ್ಪಯ್ಯನಿಗೂ ಹೇಳಿರಲಿಲ್ಲ. ಹೊಸ ಕೆಲಸ ಸಿಕ್ಕಮೇಲೆ ಹೇಳಿದ್ರಾಯ್ತು ಅಂದ್ಕೊಂಡಿದ್ದೆ.

ಅಪ್ಪಯ್ಯ ಕುಂದಾಪುರದ ಹತ್ತಿರದ ನಮ್ಮೂರಿಂದ 1998ರಲ್ಲಿ ದುಬೈಗೆ ಹೋದವರು. ಆಗ ನನಗೆ ನಾಲ್ಕು ವರ್ಷ. ದೇರಾದ ಒಂದು ಸಣ್ಣ ಕೆಫೆಟೇರಿಯಾದಲ್ಲಿ ಪರೋಟ ಮಾಡೋ ಕೆಲಸ. ಎರಡು ವರ್ಷಕ್ಕೊಮ್ಮೆ ರಜೆ, ಹೆಚ್ಚೆಂದರೆ 45 ದಿನ. 26 ವರ್ಷದಲ್ಲಿ 13 ಸಲ ಬಂದಿದ್ದಾರೆ. ಕೂಡಿಸಿದರೆ ಎರಡು ವರ್ಷವೂ ತುಂಬಲ್ಲ. ಈ ಲೆಕ್ಕ ಮಾಡಬಾರದಿತ್ತು, ಮಾಡಿಬಿಟ್ಟೆ. ರಜೆಯಲ್ಲೂ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಜಗಲಿಯಲ್ಲಿ ಕೂತಿರ್ತಿದ್ದರು. ಅದು ಅಲ್ಲಿ ಮೈದಾ ಕಲಸೋ ಹೊತ್ತಂತೆ. ನನ್ನ ಇಂಜಿನಿಯರಿಂಗ್ ಫೀಸು, ತಂಗಿ ಮದುವೆ, ಮನೆಗೆ ಹಾಕಿದ ತಾರಸಿ, ಎಲ್ಲವೂ ಆ ಹೊತ್ತಿನ ದುಡ್ಡು.

ಹೃದಯಾಘಾತ. ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋದರು. ಅಲ್ಲಿನ ಕಾನೂನಿನ ಪ್ರಕಾರ ಕೆಲಸಗಾರ ಸತ್ತರೆ ಶವ ಊರಿಗೆ ಕಳಿಸೋ ಖರ್ಚು ಕೆಲಸ ಕೊಟ್ಟವನದ್ದು. ಆದರೆ ಕೆಫೆಟೇರಿಯಾ ಅಷ್ಟರಲ್ಲಿ ಮುಚ್ಚಿತ್ತು, ಮಾಲೀಕ ಫೋನ್ ಎತ್ತುತ್ತಿರಲಿಲ್ಲ, ಹೊಸ ವೀಸಾ ಇನ್ನೂ ಆಗಿರಲಿಲ್ಲ. ವಿದೇಶಕ್ಕೆ ಹೋಗೋ ಕೆಲಸಗಾರರಿಗೆ ಸರ್ಕಾರದ್ದೊಂದು ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಅದರ 10 ಲಕ್ಷ ಸಿಗೋದು ಅಪಘಾತದಲ್ಲಿ ಸತ್ತರೆ ಮಾತ್ರ. ಹೃದಯ ನಿಂತರೆ ಅಪಘಾತ ಅಲ್ಲ.

ಆಸ್ಪತ್ರೆಯ ಬಿಲ್ಲೇ ದೊಡ್ಡದು. ಅದು ಕಟ್ಟಿದ ಮೇಲೆ ಪೊಲೀಸರ ಪತ್ರ, ಮರಣ ಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು, ಸೋನಾಪುರದಲ್ಲಿ ಎಂಬಾಮಿಂಗ್, ಪೆಟ್ಟಿಗೆ, ಕಾರ್ಗೋ ಬುಕಿಂಗ್. ಮೊದಲೆಲ್ಲ ಶವವನ್ನೂ ತೂಗಿ ಕಿಲೋ ಲೆಕ್ಕದಲ್ಲಿ ದುಡ್ಡು ತಗೊಳ್ತಿದ್ದರು. ಏರ್ ಇಂಡಿಯಾ 2019ರ ಜನವರಿಯಲ್ಲಿ ಅದನ್ನು ಬಿಟ್ಟು, ಯುಎಇಯಿಂದ ದೊಡ್ಡವರಿಗೆ 1,500 ದಿರ್ಹಂ ಅಂತ ಒಂದೇ ದರ ಮಾಡಿತು. ಅಪ್ಪಯ್ಯ ಒಮ್ಮೆ ರೂಮಿನ ಗೆಳೆಯನೊಬ್ಬನ ಪೆಟ್ಟಿಗೆ ಜೊತೆ ಕಾರ್ಗೋ ತನಕ ಹೋಗಿ, ಆ ತಕ್ಕಡಿ ನೋಡಿ ಬಂದು ಎರಡು ದಿನ ಊಟ ಮಾಡಿರಲಿಲ್ಲವಂತೆ.

ಇದನ್ನು ಹೇಳಿದ್ದು ಅವರ ರೂಂಮೇಟ್, ಬಂಟ್ವಾಳದ ಕಡೆಯ ಬ್ಯಾರಿ ಕಾಕ. ಪೇಪರಿಗೆ ಓಡಾಡಿದ್ದೆಲ್ಲ ಅವರೇ. "ಅಲ್ಲೇ ಮುಗಿಸಿಬಿಡಿ ಅಂತ ಹೇಳಿದ್ರೆ ಆಗ್ತದಾ ಕಾಕ?" ಅಂತ ಒಂದು ರಾತ್ರಿ ಕೇಳಿಬಿಟ್ಟೆ. ಈಚೆ ಅಮ್ಮ ಒಂದೇ ಮಾತು ಹಿಡಿದಿದ್ದಳು: "ಒಂದ್ ಸಲ ಮುಖ ಕಾಣ್ಕ್ ಮಗಾ."

ಕಾಕ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಫೋಟೊ ಕಳಿಸಿದರು. ಅಪ್ಪಯ್ಯನ ಲೆಕ್ಕದ ಪುಸ್ತಕದ ಹಾಳೆ. ಮೇಲೆ ಅವರದೇ ಕೈಬರಹದಲ್ಲಿ 'ಊರಿಗೆ ಕಳಿಸಿದ್ದು' ಅಂತ ಇತ್ತು. ಮನೆಗೆ ಕಳಿಸಿದ ದುಡ್ಡಿನ ಲೆಕ್ಕ ಅಂದ್ಕೊಂಡೆ. ಅಲ್ಲ. 'ಪಕ್ಕದ ರೂಮಿನ ಮಲಯಾಳಿ – 50. ತೆಲಂಗಾಣದ ಹುಡುಗ – 20. ನೇಪಾಳಿ ವಾಚ್‌ಮನ್ – 30.' ಹೀಗೆ ನಾಲ್ಕು ಹಾಳೆ. ಕೆಲವು ಹೆಸರಿನ ಮುಂದೆ 'ನಾನೇ ಎತ್ತಿದ್ದು' ಅಂತ ಬೇರೆ. ಅಂದರೆ ರೂಮಿಂದ ರೂಮಿಗೆ ಹೋಗಿ ದುಡ್ಡು ಕೇಳಿದವರು ಇವರೇ. 26 ವರ್ಷದಲ್ಲಿ ಇದನ್ನು ಒಂದು ಸಲ ಫೋನಲ್ಲಿ ಹೇಳಿದ್ದಿಲ್ಲ. ನನ್ನ ಹತ್ತಿರ ಕೇಳ್ತಿದ್ದದ್ದು ಊಟ ಆಯ್ತಾ, ಅಷ್ಟೇ.

ಐದನೇ ಸಲ ಮೆಸೇಜು ಅಳಿಸಲಿಲ್ಲ. ಕೆಲಸ ಹೋಗಿರೋದನ್ನೂ ಸೇರಿಸಿ ಬರೆದೆ. ಯಾವ ಖರ್ಚಿಗೆ ಎಷ್ಟು ಅಂತ ಒಂದು ಶೀಟ್ ಮಾಡಿ ಲಿಂಕ್ ಹಾಕಿದೆ, ಬಿಲ್‌ಗಳ ಫೋಟೊ ಸಮೇತ. ಅದೊಂದು ಒಳ್ಳೆ ಕೆಲಸ ಮಾಡಿದೆ ಅನ್ಸತ್ತೆ, ಯಾರೂ ಏನೂ ಕೇಳೋ ಹಾಗಾಗಲಿಲ್ಲ. ಎರಡೇ ದಿನಕ್ಕೆ ಸೇರಿತು. ಹತ್ತು ವರ್ಷದಿಂದ ಮಾತಾಡದ ಬೆಂಚ್‌ಮೇಟ್ ಒಬ್ಬ 5,000 ಹಾಕಿ ಸುಮ್ಮನಾದ. ಒಬ್ಬರು 101 ರೂಪಾಯಿ. ಯುಪಿಐ ಹೆಸರು ನೋಡಿ ಯಾರೆಂದು ಇನ್ನೂ ಗೊತ್ತಾಗಿಲ್ಲ. ಆಮೇಲೆ ತಿಳಿದದ್ದು: ದಿಕ್ಕಿಲ್ಲದ ಇಂಥ ಪ್ರಕರಣಕ್ಕೆಂದೇ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ, ಅರ್ಹರಾದರೆ ಶವ ಕಳಿಸೋಕೆ ಅದರಿಂದ ನೆರವು ಸಿಗತ್ತೆ. ನನಗೆ ಗೊತ್ತೇ ಇರಲಿಲ್ಲ. ನಿಮ್ಮನೆಯಲ್ಲಿ ಯಾರಾದರೂ ಗಲ್ಫಿನಲ್ಲಿದ್ದರೆ ಮೊದಲು ಅದನ್ನು ವಿಚಾರಿಸಿ.

ಮಂಗಳೂರು ಏರ್‌ಪೋರ್ಟಿನಲ್ಲಿ ಚಿಕ್ಕಂದಿನಿಂದ ಅಪ್ಪಯ್ಯ ಹಗ್ಗ ಬಿಗಿದ ಡಬ್ಬ ತಳ್ಳಿಕೊಂಡು ಬರೋದನ್ನು ಕಾದವನು ನಾನು. ಈ ಸಲ ಕಾರ್ಗೋ ಬಾಗಿಲು. ಪಡೆಯುವವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಸಹಿ ಮಾಡಿದೆ. ಅಮ್ಮ ಮುಖ ಕಂಡಳು.

ಹದಿಮೂರು ದಿನ ಕಳೆದ ಮೇಲೆ ಶೀಟಿನಲ್ಲಿ 18,400 ರೂಪಾಯಿ ಉಳಿದಿತ್ತು. ಯಾರಿಗೆ ವಾಪಸ್ ಕೊಡೋದು ಅಂತ ಕಾಕನಿಗೆ ಫೋನ್ ಮಾಡಿದೆ.

"ಇಟ್ಕೊಂಡಿರು ಮಾರಾಯ, ನಂಬರ್ ಕಳಿಸ್ತೇನೆ," ಅಂದರು. "ಇಲ್ಲಿಂದ ನಾಡಿದ್ದು ಇನ್ನೊಬ್ಬರು ಹೋಗ್ಲಿಕ್ಕುಂಟು."