ಬೆಳೆಸಿದವರ ಖಾತೆಗೆ ಜಮಾ ಏನು? ಅಮೆರಿಕದ ಕಾಲೇಜು ಬೇಸ್‌ಬಾಲಿನ ಲೆಕ್ಕಾಚಾರ

ನುರಿತ ಕೆಲಸಗಾರನೇ ಸಂಸ್ಥೆಯ ನಿಜವಾದ ಆಸ್ತಿ ಎಂಬ ಮಾತನ್ನು ಆಡದ ಉದ್ಯಮಿಯಿಲ್ಲ. ಆದರೆ ಅಢಾವೆ ಪತ್ರಿಕೆಯ ಆಸ್ತಿಯ ಬದಿಯಲ್ಲಿ ಆತನಿಗೆ ಸ್ಥಾನವಿಲ್ಲ. ಆತನಿಗೆ ಕೆಲಸ ಕಲಿಸಲು ತಗುಲಿದ ವೆಚ್ಚವೆಲ್ಲ ಆಯಾ ವರ್ಷದ ಖರ್ಚಾಗಿ ಕರಗಿಹೋಗುತ್ತದೆ. ಕಲಿತವನು ಹೆಚ್ಚಿನ ಸಂಬಳಕ್ಕಾಗಿ ದೊಡ್ಡ ಸಂಸ್ಥೆಗೆ ಹೊರಟುನಿಂತಾಗ, ಕಲಿಸಿದವರ ಕೈಯಲ್ಲಿ ಉಳಿಯುವುದು ಹಳೆಯ ರಸೀದಿಗಳು ಮಾತ್ರ. ಈ ಸಮಸ್ಯೆಯನ್ನು ಅಂಕಿ-ಅಂಶಗಳ ಸಮೇತ ಅರಿಯಬಯಸುವವರಿಗೆ ಅಮೆರಿಕದ ಕಾಲೇಜು ಬೇಸ್‌ಬಾಲ್ ಇಂದು ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಬೇಸ್‌ಬಾಲ್ ಕ್ರಿಕೆಟ್ಟಿನ ದಾಯಾದಿ ಆಟ. ಅಮೆರಿಕದ ವಿಶ್ವವಿದ್ಯಾಲಯಗಳ ನಡುವಿನ ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ. ಅದರ ಮೊದಲನೆಯ ದರ್ಜೆಯಲ್ಲಿ ಸುಮಾರು 300 ಬೇಸ್‌ಬಾಲ್ ತಂಡಗಳಿವೆ. ಋತುವಿನ ಕೊನೆಯಲ್ಲಿ 64 ತಂಡಗಳು ನಿರ್ಣಾಯಕ ಪಂದ್ಯಾವಳಿಗೆ ಆಯ್ಕೆಯಾಗುತ್ತವೆ. ಅವುಗಳಲ್ಲಿ ಎಂಟು ತಂಡಗಳು ಮಾತ್ರ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ನಡೆಯುವ 'ಕಾಲೇಜ್ ವರ್ಲ್ಡ್ ಸೀರೀಸ್' ತಲುಪುತ್ತವೆ.

ಹಳೆಯ ಕಟ್ಟಳೆ

ಎನ್‌ಸಿಎಎ ಹಿಂದೆ ಒಂದು ಬೇಸ್‌ಬಾಲ್ ತಂಡಕ್ಕೆ ಗರಿಷ್ಠ 11.7 ವಿದ್ಯಾರ್ಥಿವೇತನಗಳನ್ನು ಮಾತ್ರ ಅನುಮತಿಸಿತ್ತು. ಈ ವಿಚಿತ್ರ ಸಂಖ್ಯೆಯನ್ನು ಹಲವು ವರ್ಷಗಳ ಕಾಲ 27 ಆಟಗಾರರ ನಡುವೆ ಹಂಚಬೇಕಿತ್ತು. ಸರಾಸರಿ ಲೆಕ್ಕ ಹಾಕಿದರೆ ಒಬ್ಬೊಬ್ಬನ ಪಾಲಿಗೆ ದೊರೆಯುತ್ತಿದ್ದುದು ಪೂರ್ಣ ವೆಚ್ಚದ ಶೇ. 43 ಮಾತ್ರ. ಉಳಿದುದನ್ನು ಪೋಷಕರೋ ಬ್ಯಾಂಕ್ ಸಾಲವೋ ತುಂಬಬೇಕಿತ್ತು. ಇದೇ ಕಾಲದಲ್ಲಿ ಉನ್ನತ ಮಟ್ಟದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ 85 ಪೂರ್ಣ ವಿದ್ಯಾರ್ಥಿವೇತನಗಳಿದ್ದವು. ಟಿಕೆಟ್ ಹಾಗೂ ದೂರದರ್ಶನದ ಹಣ ಹರಿದುಬರುವುದು ಫುಟ್‌ಬಾಲಿನಿಂದ ಎಂಬುದೇ ಈ ತಾರತಮ್ಯಕ್ಕೆ ಮುಖ್ಯ ಕಾರಣ.

ಇದರ ಜೊತೆಗೆ, ಮೊದಲ ದರ್ಜೆಯ ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ಹೋದ ಬೇಸ್‌ಬಾಲ್ ಆಟಗಾರನು ಸಾಮಾನ್ಯವಾಗಿ ಒಂದು ಇಡೀ ವರ್ಷ ಆಡದೆ ಕೂರಬೇಕಿತ್ತು. ತರಬೇತುದಾರನಿಗೆ ಮಾತ್ರ ಇಂತಹ ನಿರ್ಬಂಧವಿರಲಿಲ್ಲ. 2024ರ ಜೂನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು ಒಮಾಹಾದ ಅಂತಿಮ ಪಂದ್ಯದವರೆಗೆ ಕೊಂಡೊಯ್ದ ಜಿಮ್ ಶ್ಲಾಸ್‌ನೇಗಲ್, ಟೆನೆಸಿ ತಂಡದೆದುರು ಸೋತ ಮರುದಿನವೇ ಬದ್ಧ ಪ್ರತಿಸ್ಪರ್ಧಿಯಾದ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿದರು. ಕಲಿಸುವವನಿಗೆ ಇಷ್ಟು ಸ್ವಾತಂತ್ರ್ಯವಿರುವಾಗ ಕಲಿಯುವವನನ್ನು ಮಾತ್ರ ಕಟ್ಟಿಹಾಕುವುದು ನ್ಯಾಯವಾಗಿರಲಿಲ್ಲ.

ಬದಲಾವಣೆಯ ಏಳು ವರ್ಷ

2018ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ಗಣಕೀಕೃತ ಪಟ್ಟಿಯನ್ನು ಆರಂಭಿಸಿತು. ತಂಡ ಬದಲಿಸಬಯಸುವವನ ಹೆಸರು ಅದರಲ್ಲಿ ಸೇರಿದೊಡನೆ ಇತರ ತಂಡಗಳು ಅವನನ್ನು ಸಂಪರ್ಕಿಸಬಹುದು. 2021ರಲ್ಲಿ, ಒಂದು ಬಾರಿ ತಂಡ ಬದಲಿಸಿದವನು ವರ್ಷ ಕಳೆದುಕೊಳ್ಳದೆ ಆಡಬಹುದೆಂಬ ನಿಯಮ ಬಂದಿತು. ಅದೇ ವರ್ಷದ ಜೂನ್‌ನಲ್ಲಿ, ಆಲ್‌ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎನ್‌ಸಿಎಎ ವಿರುದ್ಧ ಸರ್ವಾನುಮತದ ತೀರ್ಪು ನೀಡಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ನೀಡಿ ಹಣ ಪಡೆಯಲು ಅವಕಾಶವಾಯಿತು. ದಾನಿಗಳು ಕೂಟ ಕಟ್ಟಿಕೊಂಡು ಆಟಗಾರರಿಗೆ ಹಣ ಒದಗಿಸುವ ಪದ್ಧತಿಯೂ ಇದರ ಬೆನ್ನಿಗೇ ಬೆಳೆಯಿತು. 2024ರಲ್ಲಿ, ವ್ಯಾಸಂಗದಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಬಾರಿಯಾದರೂ ತಂಡ ಬದಲಿಸಬಹುದೆಂದಾಯಿತು.

2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ 'ಹೌಸ್' ರಾಜಿ ಒಪ್ಪಂದವು ಈ ಸರಣಿಯ ದೊಡ್ಡ ಹೆಜ್ಜೆ. ಹಿಂದಿನ ವರ್ಷಗಳ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನೀಡಬೇಕು. 2025-26ರಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಬೇಸ್‌ಬಾಲಿನ 11.7ರ ಮಿತಿ ರದ್ದಾಗಿ, ತಂಡದಲ್ಲಿ 34 ಆಟಗಾರರ ಮಿತಿ ಬಂದಿತು. ಆ 34 ಮಂದಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು.

ಇಲ್ಲಿ ಗಮನಿಸಬೇಕಾದ ಪದ 'ಕೊಡಬಹುದು'. ಅನುಮತಿ ಎಲ್ಲರಿಗೂ ದೊರೆತರೂ ಹಣ ಎಲ್ಲರ ಬಳಿಯೂ ಇಲ್ಲ. ಒಪ್ಪಂದಕ್ಕೆ ಸೇರದ ವಿಶ್ವವಿದ್ಯಾಲಯಗಳು ಹಳೆಯ 11.7ರ ಮಿತಿಯಲ್ಲೇ ಉಳಿದಿವೆ. ಶ್ರೀಮಂತ ತಂಡಕ್ಕೂ ಬಡ ತಂಡಕ್ಕೂ ನಡುವೆ ಹೀಗೆ 22.3 ವಿದ್ಯಾರ್ಥಿವೇತನಗಳ ಅಂತರ ಏರ್ಪಡಬಹುದಾಗಿದೆ.

ಒಂದು ಖಾತೆಯ ಪರಿಶೀಲನೆ

ಪಾಲ್ ಸ್ಕೀನ್ಸ್ ಎಂಬ ಪಿಚರ್‌ನ ಉದಾಹರಣೆ ಈ ವ್ಯವಸ್ಥೆಯ ಎರಡೂ ಮುಖಗಳನ್ನು ತೋರಿಸುತ್ತದೆ. ಆತ ಮೊದಲ ಎರಡು ಋತು ಆಡಿದ್ದು ಅಮೆರಿಕದ ವಾಯುಪಡೆಯ ಅಕಾಡೆಮಿಯ ಪರವಾಗಿ. 2022ರಲ್ಲಿ ಅಲ್ಲಿಂದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡರು. ಆ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರಿಗೆ ಸ್ಥಳವಿದೆ. 2023ರಲ್ಲಿ ಸ್ಕೀನ್ಸ್ 209 ಬ್ಯಾಟರ್‌ಗಳನ್ನು 'ಸ್ಟ್ರೈಕ್‌ಔಟ್' ಮಾಡಿದರು. ನಾರ್ತ್ ಕೆರೊಲಿನಾ ಸ್ಟೇಟ್‌ನಿಂದ ಅದೇ ರೀತಿ ಬಂದಿದ್ದ ಟಾಮಿ ವೈಟ್ ಸೆಮಿಫೈನಲ್ ಹಂತದಲ್ಲಿ ಗೆಲುವಿನ ಹೋಮ್ ರನ್ ಹೊಡೆದರು. ಲೂಸಿಯಾನ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಸ್ಕೀನ್ಸ್ ಮೊದಲಿಗರಾಗಿ, ಪಿಟ್ಸ್‌ಬರ್ಗ್ ತಂಡದಿಂದ 92 ಲಕ್ಷ ಡಾಲರ್ ಸಹಿ-ಬೋನಸ್ ಪಡೆದರು.

ಆಟಗಾರನಿಗೆ ಲಾಭವಾಯಿತು, ಕೊಂಡ ವಿಶ್ವವಿದ್ಯಾಲಯಕ್ಕೆ ಕೀರ್ತಿ ದೊರೆಯಿತು, ವೃತ್ತಿಪರ ತಂಡಕ್ಕೆ ಸಿದ್ಧ ಸರಕು ಸಿಕ್ಕಿತು. ಎರಡು ವರ್ಷ ಬೆಳೆಸಿದ ಅಕಾಡೆಮಿಯ ಖಾತೆಗೆ ಈ ವರ್ಗಾವಣೆಯಿಂದ ಒಂದು ಡಾಲರ್ ಕೂಡ ಜಮಾ ಆಗಲಿಲ್ಲ. ಇದರಲ್ಲಿ ಯಾರದೂ ತಪ್ಪಿಲ್ಲ. ಅಂತಹ ಖಾತೆಯೇ ನಿಯಮಗಳಲ್ಲಿ ಇಲ್ಲ.

ಈ ಪದ್ಧತಿಯಿಂದ ಸಣ್ಣವರಿಗೆ ನಷ್ಟವೇ ಎಂದು ತೀರ್ಮಾನಿಸುವುದು ಅವಸರವಾದೀತು. ದೊಡ್ಡ ತಂಡಗಳಲ್ಲಿ ಅವಕಾಶ ಸಿಗದವರು ಸಣ್ಣ ತಂಡಗಳತ್ತ ಬರುವುದೂ ಉಂಟು. 2025ರಲ್ಲಿ ಕೆಂಟಕಿಯ ಮರ್ರೇ ಸ್ಟೇಟ್ ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಒಮಾಹಾ ತಲುಪಿತು. ಆದರೆ ಇಂತಹ ಸಾಧನೆಯ ಮರುದಿನವೇ ಸಣ್ಣ ತಂಡದ ಉತ್ತಮ ಆಟಗಾರರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಗೆದ್ದಷ್ಟೂ ಕಳೆದುಕೊಳ್ಳುವ ಭಯವಿರುವ ವ್ಯಾಪಾರದಲ್ಲಿ ತರಬೇತಿಗೆ ಬಂಡವಾಳ ಹೂಡುವವರು ಕ್ರಮೇಣ ಕಡಿಮೆಯಾಗುತ್ತಾರೆ. ಇಪ್ಪತ್ತೆರಡು ವರ್ಷದ ಅನುಭವಿ ಸುಲಭವಾಗಿ ಸಿಗುವಾಗ, 34ರ ಮಿತಿಯಲ್ಲಿ ಹದಿನೆಂಟರ ಹೊಸಬನಿಗೆ ಸ್ಥಾನ ಕೊಡುವ ಉತ್ಸಾಹವೂ ತಗ್ಗುತ್ತದೆ. ಅಂತಿಮವಾಗಿ ಬೆಲೆ ತೆರುವವನು ಆ ಹೊಸಬನೇ.

ಪರಿಹಾರದ ದಾರಿ

ಆಟಗಾರರನ್ನು ಮತ್ತೆ ಕಟ್ಟಿಹಾಕುವುದು ಪರಿಹಾರವಲ್ಲ. ನ್ಯಾಯಾಲಯಗಳು ಅದನ್ನು ಒಪ್ಪಲಾರವು, ಒಪ್ಪಲೂಬಾರದು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫೀಫಾ ಇದಕ್ಕೆ ಬೇರೊಂದು ದಾರಿ ತೋರಿಸಿದೆ. ವೃತ್ತಿಪರ ಆಟಗಾರನು ದೇಶದಿಂದ ದೇಶಕ್ಕೆ ವರ್ಗಾವಣೆಯಾದಾಗ, ವರ್ಗಾವಣೆ ಶುಲ್ಕದ ಶೇ. 5ರಷ್ಟು ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಇದಲ್ಲದೆ ಪ್ರತ್ಯೇಕ ತರಬೇತಿ ಪರಿಹಾರದ ನಿಯಮವೂ ಇದೆ.

ಕಾಲೇಜು ಬೇಸ್‌ಬಾಲಿನಲ್ಲಿ ವರ್ಗಾವಣೆ ಶುಲ್ಕವಿಲ್ಲ. ಆದರೆ ಬಿಟ್ಟುಕೊಟ್ಟ ವಿಶ್ವವಿದ್ಯಾಲಯವು ಆಟಗಾರನ ವಿದ್ಯಾರ್ಥಿವೇತನಕ್ಕೆ ವಾಸ್ತವವಾಗಿ ಮಾಡಿದ ವೆಚ್ಚ ಅದರ ಪುಸ್ತಕಗಳಲ್ಲೇ ಇದೆ. ಅದರ ಒಂದು ನಿಗದಿತ ಭಾಗವನ್ನು, ಹೆಚ್ಚಿನ ಆದಾಯವುಳ್ಳ ವಿಶ್ವವಿದ್ಯಾಲಯವು ಆಟಗಾರನನ್ನು ಪಡೆಯುವಾಗ ಮರಳಿಸಬೇಕೆಂದು ನಿಯಮ ಮಾಡಬಹುದು. ಎರಡು ಎಚ್ಚರಿಕೆಗಳು ಅಗತ್ಯ. ಆ ಹಣ ಆಟಗಾರನ ಪಾಲಿನಿಂದ ಕಡಿತವಾಗಬಾರದು. ಅವನ ಚಲನೆಗೆ ಅಡ್ಡಿಯಾಗುವಷ್ಟು ದೊಡ್ಡದೂ ಆಗಬಾರದು. ವಿಶ್ವವಿದ್ಯಾಲಯಗಳು ತಮ್ಮಷ್ಟಕ್ಕೆ ಇಂತಹ ಒಪ್ಪಂದ ಮಾಡಿಕೊಂಡರೆ ಅಮೆರಿಕದ ಸ್ಪರ್ಧಾ ಕಾನೂನು ಅಡ್ಡಬರಬಹುದು. ಆದಕಾರಣ ಆಟಗಾರರ ಒಪ್ಪಿಗೆಯೊಡನೆ ಅಥವಾ ಶಾಸನದ ಮೂಲಕವೇ ಇದು ಜಾರಿಗೆ ಬರಬೇಕು.

ಮಾರುಕಟ್ಟೆಯು ಸಿದ್ಧ ವಸ್ತುವಿಗೆ ಬೆಲೆ ಕಟ್ಟುವಲ್ಲಿ ನಿಪುಣ. ಸಿದ್ಧಪಡಿಸಿದವರ ಶ್ರಮಕ್ಕೆ ತಾನಾಗಿ ಬೆಲೆ ಕಟ್ಟುವುದು ಅಪರೂಪ. ಆ ಕೆಲಸವನ್ನು ನಿಯಮಗಳೇ ಮಾಡಬೇಕು. ಕಿರಿಯರಿಗೆ ಕೈಕೆಲಸ ಕಲಿಸಿ ದೊಡ್ಡ ಕಾರ್ಖಾನೆಗಳಿಗೆ ಕಳುಹಿಸಿಕೊಡುತ್ತಿರುವ ಸಣ್ಣ ಉದ್ದಿಮೆದಾರರಿಗೆ ಈ ಮಾತು ಹೊಸದಲ್ಲ. ಹೋಗುವವನನ್ನು ಹರಸಿ ಕಳುಹಿಸಬೇಕು. ಕಲಿಸಿದ ವೆಚ್ಚವನ್ನು ಮಾತ್ರ ಬರೆದಿಡಬೇಕು. ಬರೆದಿಡದ ಬಾಕಿಯನ್ನು ಯಾವ ನಿಯಮವೂ ವಸೂಲು ಮಾಡಿಕೊಡಲಾರದು.