ರಾಗಿ ಉಣ್ಣುವ ನಾಡು ಮರೆತ ವಿಜ್ಞಾನಿ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ರೈತ ಮಳೆಯ ಹದ ನೋಡಿ ಬೀಜಕ್ಕೆ ಹೊರಟಾಗ ಕೇಳುವುದು ‘ಜಿಪಿಯು 28’ ಅಥವಾ ‘ಎಂಎಲ್ 365’. ಆ ಸಂಖ್ಯೆಗಳ ಹಿಂದೆ ಒಬ್ಬ ವಿಜ್ಞಾನಿಯ ಆಯುಷ್ಯವೇ ಸವೆದಿದೆ ಎಂಬುದು, ಆ ರಾಗಿಯ ಮುದ್ದೆ ಉಣ್ಣುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅವರು ಸಿ.ಎಚ್. ಲಕ್ಷ್ಮಣಯ್ಯ (1921–1993). ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದವರು. ಬೆಳೆಗಳ ಸಂಕರವೆಂದರೆ ಸುಲಭವೆಂದು ಭಾವಿಸುವವರು ರಾಗಿಯ ಹೂವನ್ನೊಮ್ಮೆ ನೋಡಬೇಕು. ಅದು ಅತಿ ಸಣ್ಣದು. ನಸುಕಿಗೂ ಮುನ್ನ ಅರಳುತ್ತದೆ. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಅಂಥ ಹೂವಿನಲ್ಲಿ ಪರಕೀಯ ಪರಾಗ ಸೇರಿಸಿ, ಹುಟ್ಟಿದ ಸಸಿಗಳನ್ನು ತಲೆಮಾರುಗಟ್ಟಲೆ ಆರಿಸುತ್ತಾ ಹೋಗುವುದು ತಪಸ್ಸೇ ಸರಿ.

ಅರುಣ, ಉದಯ, ಪೂರ್ಣ, ಅನ್ನಪೂರ್ಣ ಮೊದಲಾದ ತಳಿಗಳ ನಂತರ ಅವರು ಆಫ್ರಿಕಾದ ರಾಗಿಯತ್ತ ಹೊರಳಿದರು. ಅದರ ದಪ್ಪ ತೆನೆ ಹಾಗೂ ರೋಗ ತಾಳುವ ಗುಣವನ್ನು ನಮ್ಮ ನೆಲಕ್ಕೆ ಒಗ್ಗಿದ ರಾಗಿಯೊಡನೆ ಬೆಸೆದರು. ಇಂಡಿಯಾ ಮತ್ತು ಆಫ್ರಿಕಾಗಳ ಹೆಸರು ಕೂಡಿ ‘ಇಂಡಾಫ್’ ಆಯಿತು. 1970ರ ದಶಕದಲ್ಲಿ ಈ ತಳಿಗಳು ರಾಗಿಯ ಇಳುವರಿಯನ್ನೇ ಬದಲಿಸಿದವು.

ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಬೆಂಕಿ ರೋಗಕ್ಕೆ ಬಗ್ಗದ ಜಿಪಿಯು 28ರ ವಂಶಾವಳಿಯಲ್ಲಿ ಇಂಡಾಫ್ 5 ಮತ್ತು ಇಂಡಾಫ್ 9 ಇವೆ. ಎಂಎಲ್ 365ರಲ್ಲಿಯೂ ಇಂಡಾಫ್ 5 ಇದೆ. ಲಕ್ಷ್ಮಣಯ್ಯನವರು ತೀರಿಕೊಂಡ ಮೇಲೂ ಅವರ ಸಂಕರ ಫಲ ಕೊಡುತ್ತಲೇ ಬಂದಿದೆ.

ದೇಶದ ಅರ್ಧಕ್ಕೂ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದೆವು. ಮೇಳಗಳು ನಡೆದವು, ಹೋಟೆಲುಗಳ ತಿಂಡಿಪಟ್ಟಿ ಬದಲಾಯಿತು. ಸಂತೋಷವೇ. ಆದರೆ ತಟ್ಟೆಯ ಸಂಭ್ರಮ ಹೊಲದ ಸಂಶೋಧನೆಗೆ ಬದಲಿಯಾಗದು. ರೋಗ ರೂಪ ಬದಲಿಸುತ್ತದೆ, ಮಳೆ ದಿಕ್ಕು ತಪ್ಪುತ್ತದೆ. ಹೊಸ ತಳಿ ಬರದಿದ್ದರೆ ಹಳೆಯದು ಸೋಲುತ್ತದೆ. ರೈತ ತಾನೇ ಬೀಜ ಎತ್ತಿಟ್ಟುಕೊಳ್ಳಬಲ್ಲ ರಾಗಿಯಲ್ಲಿ ಖಾಸಗಿ ಕಂಪನಿಗೆ ದೊಡ್ಡ ಲಾಭವಿಲ್ಲ. ಆದ್ದರಿಂದ ಈ ಹೊಣೆ ಸಾರ್ವಜನಿಕ ಸಂಸ್ಥೆಗಳದ್ದೇ. ವಿ.ಸಿ. ಫಾರಂ, ಹಿರಿಯೂರಿನ ಬಬ್ಬೂರು ಫಾರಂನಂಥ ಕೇಂದ್ರಗಳಲ್ಲಿ ಒಂದೇ ಬೆಳೆಯ ಮೇಲೆ ದಶಕಗಳ ಕಾಲ ನೆಟ್ಟು ಕೂರುವ ವಿಜ್ಞಾನಿಗೆ ನೆಲೆಯಿರಬೇಕು.

ನಮ್ಮ ಮಕ್ಕಳು ಮೆಂಡೆಲ್‌ನ ಬಟಾಣಿಯಿಂದ ಅನುವಂಶೀಯತೆಯ ಪಾಠ ಕಲಿಯುತ್ತಾರೆ. ಕಲಿಯಲಿ. ಅದರ ಪಕ್ಕದಲ್ಲೇ ಲಕ್ಷ್ಮಣಯ್ಯನವರ ರಾಗಿಯೂ ಇರಲಿ. ಹೊಸದುರ್ಗದ ಹುಡುಗಿಯೊಬ್ಬಳಿಗೆ ಆಗ ಆ ಪಾಠ ತನ್ನ ಹೊಲದಲ್ಲೇ ಕಾಣಿಸೀತು.