19 ಸೆಂಟಿಮೀಟರ್ ಮೀರಿದ ವಂಚನೆ

ವಾಲಿಬಾಲ್ ನಿಯಮದ ಪ್ರಕಾರ ಗಂಡಸರ ನೆಟ್ಟಿನ ಎತ್ತರ 2.43 ಮೀಟರ್, ಹೆಂಗಸರದ್ದು 2.24. ಅಂತರ 19 ಸೆಂಟಿಮೀಟರ್. ಅಂಕಣದ ಅಳತೆ ಒಂದೇ, ಚೆಂಡು ಒಂದೇ, ಸೆಟ್ ಗೆಲ್ಲಲು ಬೇಕಾದ 25 ಪಾಯಿಂಟೂ ಒಂದೇ. ಈ ಆಟ ಒಲಿಂಪಿಕ್ಸಿಗೆ ಕಾಲಿಟ್ಟದ್ದು 1964ರಲ್ಲಿ, ಟೋಕಿಯೊದಲ್ಲಿ. ಗಂಡು ಹೆಣ್ಣು ಇಬ್ಬರೂ ಒಂದೇ ವರ್ಷ, ಒಟ್ಟಿಗೇ ಒಳಗೆ ಬಂದರು. ಆಟ ಒಪ್ಪಿಕೊಂಡ ವ್ಯತ್ಯಾಸ ಇಷ್ಟೇ. ಇದರಾಚೆ ನಮ್ಮ ಹುಡುಗಿಯರ ಮುಂದೆ ಎದ್ದಿರುವ ಗೋಡೆಯನ್ನು ಫೆಡರೇಷನ್ನು, ಸರ್ಕಾರ, ಊರಿನ ಯುವಕ ಮಂಡಲ ಎಲ್ಲರೂ ಸೇರಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಾರೆ.

ನಮ್ಮೂರು ಎರ್ಮಾಳಿಗೆ ವಾಲಿಬಾಲ್ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 66, ಇನ್ನೊಂದು ಕಡೆ ಕಡಲು. ತೆಂಕಕ್ಕೆ ಪಡುಬಿದ್ರಿ, ಬಡಗಕ್ಕೆ ಉಚ್ಚಿಲ. ಮಳೆ ನಿಂತು ಗದ್ದೆ ಒಣಗಿದರೆ ಸಾಕು, ಈ ಇಡೀ ಪಟ್ಟಿಯಲ್ಲಿ ಹೊನಲು ಬೆಳಕಿನ ಪಂದ್ಯಾಟಗಳ ಫ್ಲೆಕ್ಸು ಏಳುತ್ತವೆ. ಬೆಸ್ಟ್ ಅಟ್ಯಾಕರ್, ಬೆಸ್ಟ್ ಲಿಫ್ಟರ್, ಬೆಸ್ಟ್ ಆಲ್‌ರೌಂಡರ್ ಎಂದು ಆಳೆತ್ತರದ ಟ್ರೋಫಿಗಳು. ವೇದಿಕೆಯ ಮೇಲೆ ಗಣ್ಯರ ಸಾಲು, ಶಾಲು, ಹಾರ, ಮುಗಿಯದ ಭಾಷಣ. ಅಂಕಣದೊಳಗೆ ಮಾತ್ರ ಬರೀ ಗಂಡಸರು. ಹೆಂಗಸರು ಎಲ್ಲಿ ಎಂದು ಕೇಳಿ ನೋಡಿ. ‘ಅವರಿಗೆ ಥ್ರೋಬಾಲ್ ಇಟ್ಟಿದ್ದೇವಲ್ಲ’ ಎಂಬ ಉತ್ತರ ಬರುತ್ತದೆ. ಹಗ್ಗಜಗ್ಗಾಟವೂ ಉಂಟು, ಪಾಪ, ದೊಡ್ಡ ಮನಸ್ಸು!

ಥ್ರೋಬಾಲಿನ ಮೇಲೆ ನನಗೆ ಹಗೆಯಿಲ್ಲ. ಆಡುವವರು ಆಡಲಿ. ಆದರೆ ಥ್ರೋಬಾಲ್ ಒಲಿಂಪಿಕ್ಸಿನಲ್ಲಿಲ್ಲ, ಏಷ್ಯನ್ ಗೇಮ್ಸಿನಲ್ಲೂ ಇಲ್ಲ. ಶಾಲೆಯ ಮೈದಾನದಲ್ಲಿ ಹುಡುಗರ ಕೈಗೆ ವಾಲಿಬಾಲ್ ಕೊಟ್ಟು ಹುಡುಗಿಯರ ಕೈಗೆ ಥ್ರೋಬಾಲ್ ಕೊಡುವ ಮಾಸ್ಟ್ರು, ತಮಗೇ ಗೊತ್ತಿಲ್ಲದೆ ಒಬ್ಬನಿಗೆ ದಾರಿ ತೋರಿಸಿ ಇನ್ನೊಬ್ಬಳನ್ನು ಮೈದಾನದ ಬೇಲಿಯೊಳಗೆ ನಿಲ್ಲಿಸಿರುತ್ತಾರೆ. ಜಿಗಿದು ಹೊಡೆಯುವ ಹುಡುಗಿ ಬೇಡ, ನಿಂತು ಹಿಡಿಯುವ ಹುಡುಗಿ ಸಾಕು ಎಂಬ ಹಳೇ ನಂಬಿಕೆಯೇ ಇಲ್ಲಿ ಪಿ.ಟಿ. ಪೀರಿಯಡ್ಡಿನ ವೇಷ ಹಾಕಿದೆ.

ಈ ಬೇಲಿ ಹಾರಿ ಬಂದವರ ಕತೆಗೆ ಬರೋಣ. ಕಾಲೇಜು ತಂಡ, ವಿಶ್ವವಿದ್ಯಾನಿಲಯ ತಂಡ, ರಾಜ್ಯ ತಂಡ ದಾಟಿ ಒಬ್ಬಳು ರಾಷ್ಟ್ರೀಯ ಶಿಬಿರದ ಬಾಗಿಲಿಗೆ ಬಂದಳೆನ್ನಿ. ಪಟ್ಟಿ ಹೊರಬೀಳುತ್ತದೆ. ಅವಳ ಹೆಸರಿಲ್ಲ. ತಂಡಕ್ಕೆ ಹನ್ನೆರಡೋ ಹದಿನಾಲ್ಕೋ ಮಂದಿ ಸಾಕು, ಉಳಿದವರು ಹೊರಗೆ ಉಳಿಯಲೇಬೇಕು. ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ. ಹೊರಗುಳಿದವಳಿಗೆ ಮರುದಿನ ಹೋಗಿ ಆಡಲು ಒಂದು ಜಾಗವೂ ಇಲ್ಲದಂತೆ ಮಾಡಿಟ್ಟಿದ್ದಾರಲ್ಲ, ನನ್ನ ಸಿಟ್ಟಿರುವುದು ಅದರ ಮೇಲೆ.

ಅಮೆರಿಕದಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗದ ಹುಡುಗಿ ಬ್ಯಾಗು ಕಟ್ಟಿಕೊಂಡು ಇಟಲಿಗೋ ಟರ್ಕಿಗೋ ಹೋಗಿ ಸಂಬಳಕ್ಕೆ ಆಡುತ್ತಾಳೆ. ಅವಳ ಬೆನ್ನಿಗೆ 1972ರಲ್ಲಿ ಬಂದ ಟೈಟಲ್ ನೈನ್ ಕಾನೂನಿದೆ. ಸರ್ಕಾರದ ದುಡ್ಡು ಪಡೆಯುವ ವಿದ್ಯಾಸಂಸ್ಥೆ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದ ಆ ಕಾನೂನು ವಿಶ್ವವಿದ್ಯಾಲಯಗಳ ಮೈದಾನದ ಬಾಗಿಲನ್ನೂ ತೆರೆಸಿತು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದಲ್ಲಿ ಕಾಲೇಜು ಹುಡುಗಿಯರ ಒಂದು ವಾಲಿಬಾಲ್ ಪಂದ್ಯ ನೋಡಲು ಬಂದವರು 92,003 ಮಂದಿ. ಹೆಂಗಸರ ಆಟ ಯಾರು ನೋಡುತ್ತಾರೆ ಎಂದು ಮೂಗು ಮುರಿಯುವ ನಮ್ಮ ಸಂಘಟಕರು ಈ ಅಂಕಿಯನ್ನು ಫ್ಲೆಕ್ಸಿನಲ್ಲಿ ಹಾಕಿಸಿಕೊಳ್ಳಲಿ. ಕ್ಯೂಬಾದ ಮೆಲಿಸ್ಸಾ ವರ್ಗಾಸ್ ಅವರನ್ನು ಅವರದೇ ದೇಶದ ಒಕ್ಕೂಟ ನಿಷೇಧಿಸಿತು. ಅವರು ಟರ್ಕಿಯ ಪೌರತ್ವ ಪಡೆದರು, 2023ರಲ್ಲಿ ಆ ದೇಶಕ್ಕೆ ಯುರೋಪಿನ ಪಟ್ಟ ಗೆಲ್ಲಿಸಿಕೊಟ್ಟರು. ತನ್ನವರು ಬೇಡವೆಂದ ತೋಳನ್ನು ಇನ್ನೊಂದು ದೇಶ ಬಾಚಿ ಅಪ್ಪಿಕೊಂಡಿತು.

ನಮ್ಮವಳು ಹಾಗೆ ಹೊರಟರೆ? ಒಂದು ದೇಶದ ಆಟಗಾರ್ತಿ ಇನ್ನೊಂದು ದೇಶದ ಕ್ಲಬ್ಬಿಗೆ ಆಡಬೇಕಾದರೆ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟದ ವರ್ಗಾವಣೆ ಪ್ರಮಾಣಪತ್ರ ಬೇಕು. ಅದಕ್ಕೆ ಅವಳ ಸ್ವಂತ ದೇಶದ ಫೆಡರೇಷನ್ ಒಪ್ಪಿಗೆ ಕೊಡಬೇಕು. ಆಯ್ಕೆಪಟ್ಟಿಯಿಂದ ಯಾರು ಹೆಸರು ಬಿಟ್ಟರೋ, ಹೊರಗೆ ಹೋಗಲೂ ಅವರ ಸಹಿಯೇ ಬೇಕು! ಆ ಫೆಡರೇಷನ್ನಾದರೂ ನೆಟ್ಟಗಿತ್ತೇ? ಬಣಗಳ ಕಚ್ಚಾಟ ಅತಿರೇಕಕ್ಕೆ ಹೋಗಿ 2016ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಅದನ್ನೇ ಅಮಾನತಿನಲ್ಲಿಟ್ಟಿತು. ಕುರ್ಚಿಗೆ ಕಚ್ಚಾಡಿದವರ ವಯಸ್ಸಿಗೆ ನಷ್ಟವಾಗಲಿಲ್ಲ. ಇಪ್ಪತ್ತೆರಡರ ಹುಡುಗಿಗೆ ಹೋದ ವರ್ಷ ಹೋಯಿತು. ಮೊಣಕಾಲು ಯಾವ ಬಣದ ಚುನಾವಣೆಗೂ ಕಾಯುವುದಿಲ್ಲ.

ಊರಿನಲ್ಲೇ ಲೀಗ್ ಇದ್ದರೆ ಅವಳು ಹೊರದೇಶದ ಮಾತೇ ಎತ್ತಬೇಕಿರಲಿಲ್ಲ. ಲೀಗ್‌ಗಳಿಗೇನು ಬರ? 2011ರಲ್ಲಿ ಇಂಡಿಯನ್ ವಾಲಿ ಲೀಗ್ ಬಂತು, ಕರ್ನಾಟಕ ಬುಲ್ಸ್ ಎಂಬ ತಂಡವೂ ಇತ್ತು. 2019ರಲ್ಲಿ ಪ್ರೊ ವಾಲಿಬಾಲ್ ಲೀಗ್ ಬಂತು. ಒಂದೇ ಸೀಸನ್ನಿಗೆ ಫೆಡರೇಷನ್ನೂ ಸಂಘಟಕ ಕಂಪನಿಯೂ ಜಗಳವಾಡಿ ಕೋರ್ಟು ಹತ್ತಿದವು. 2022ರಲ್ಲಿ ಪ್ರೈಮ್ ವಾಲಿಬಾಲ್ ಬಂತು, ನಮ್ಮ ಕರಾವಳಿಯ ಅಶ್ವಲ್ ರೈ ನಾಯಕತ್ವದ ಕೋಲ್ಕತ್ತ ತಂಡ ಮೊದಲ ಪಟ್ಟ ಗೆದ್ದಿತು. ನಾವೆಲ್ಲ ಕುಣಿದೆವು. ಕುಣಿಯಬೇಕಾದದ್ದೇ. ಆದರೆ ಮೂರು ಸಲ ಲೀಗ್ ಹುಟ್ಟಿತು, ಮೂರೂ ಸಲ ಗಂಡಾಗಿಯೇ ಹುಟ್ಟಿತು. ಇಷ್ಟು ಹೆರಿಗೆಯಾದರೂ ಒಂದು ಹೆಣ್ಣು ಹುಟ್ಟದ ಮನೆಯಲ್ಲಿ ಏನು ನಡೆದಿದೆಯೆಂದು ಯಾರಿಗಾದರೂ ಅನುಮಾನ ಬರಬೇಡವೇ?

ಕಬಡ್ಡಿಯ ಕತೆಯೂ ಇದೇ. ನಮ್ಮ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸಿನ ಚಿನ್ನದ ತಂಡಗಳಲ್ಲಿದ್ದರು. 2012ರಲ್ಲಿ ಪಟ್ನಾದ ವಿಶ್ವಕಪ್ ಗೆದ್ದಾಗ ಅವರೇ ನಾಯಕಿ. ಅರ್ಜುನ ಪ್ರಶಸ್ತಿಯೂ ಬಂತು. ಇಂಥವರ ಪಾಲಿಗೆ ಲೀಗ್ ಎಂದು ಸಿಕ್ಕಿದ್ದೇನು? 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯ ಮಗ್ಗುಲಲ್ಲಿ 2016ರಲ್ಲಿ ಮೂರೇ ತಂಡಗಳ ಒಂದು ಮಹಿಳಾ ಚಾಲೆಂಜ್. ಅವರು ನಾಯಕಿಯಾಗಿದ್ದ ತಂಡ ಫೈನಲ್ಲಿನಲ್ಲಿ ಒಂದೇ ಪಾಯಿಂಟಿನಿಂದ ಸೋತಿತು. ಮರುವರ್ಷ ಗಂಡಸರ ಲೀಗ್ 12 ತಂಡಗಳಿಗೆ ಬೆಳೆಯಿತು, ಹೆಂಗಸರದ್ದು ಹೇಳಹೆಸರಿಲ್ಲದೆ ಮುಗಿಯಿತು. ಆಮೇಲೆ ಮಹಿಳಾ ಕಬಡ್ಡಿ ಲೀಗ್ ಎಂಬುದೊಂದು ನಡೆದದ್ದು 2023ರಲ್ಲಿ, ದುಬೈಯಲ್ಲಿ. ಮಣ್ಣಿನಲ್ಲಿ ಹುಟ್ಟಿದ ಆಟ ಆಡಲು ನಮ್ಮ ಹೆಣ್ಣುಮಕ್ಕಳು ವಿಮಾನ ಹತ್ತಬೇಕಾಯಿತು.

ಹೊರದೇಶಕ್ಕೆ ಹೋಗಿ ಗೆದ್ದವರಿಲ್ಲವೇ ಎನ್ನುತ್ತೀರಿ. ಇದ್ದಾರೆ. ಕಣ್ಣೂರಿನ ಪೇರಾವೂರಿನ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ 1982ರಲ್ಲೇ ಇಟಲಿಯ ಟ್ರೆವಿಸೊಗೆ ಹೋದರು. ತೆಹ್ರಾನ್, ಬ್ಯಾಂಕಾಕ್, ಸಿಯೋಲ್ ಏಷ್ಯನ್ ಗೇಮ್ಸ್‌ಗಳಲ್ಲಿ ಭಾರತಕ್ಕೆ ಆಡಿದ ಅವರ ಲೆಕ್ಕದಲ್ಲಿ 1982ರ ದೆಹಲಿ ಮಾತ್ರ ಇಲ್ಲ. ನಮ್ಮ ನೆಲದಲ್ಲೇ ಕೂಟ ನಡೆದಾಗ ನಮ್ಮ ಅತಿ ದೊಡ್ಡ ಆಟಗಾರ ಅಂಗಿ ತೊಟ್ಟಿರಲಿಲ್ಲ. 1987ರಲ್ಲಿ ಇಟಲಿಯಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಮೊಂಟಿಕಿಯಾರಿ ಎಂಬ ಊರಿನ ಒಳಾಂಗಣಕ್ಕೆ ಇಟಲಿಯವರು ಅವರ ಹೆಸರಿಟ್ಟಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ನೊಸ್ತುಷ್ ಕೆಂಜಿಗೆ ಅವರು ಬೆಂಗಳೂರಿನ ಲೀಗ್ ಕ್ರಿಕೆಟ್ ಆಡಿದರೂ ರಾಜ್ಯ ತಂಡದ ಬಾಗಿಲು ತೆರೆಯಲಿಲ್ಲ. ಅಮೆರಿಕಕ್ಕೆ ಹೋದರು, 2024ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನವನ್ನು ಮಣಿಸಿದ ತಂಡದಲ್ಲಿ ಮೂರು ವಿಕೆಟ್ ಕಿತ್ತರು. ಇಬ್ಬರಿಗೂ ಕೈಮುಗಿಯುತ್ತೇನೆ. ಆದರೆ ಒಬ್ಬರಿಗೆ ಕೇರಳ ಪೊಲೀಸಿನ ಕೆಲಸವಿತ್ತು, ಇನ್ನೊಬ್ಬರು ಹುಟ್ಟಿದ್ದೇ ಅಮೆರಿಕದಲ್ಲಿ. ಮೀನಿನ ಬುಟ್ಟಿ ಹೊತ್ತ ತಾಯಿಯ ಮಗಳಿಗೆ ಯಾವ ನೌಕರಿ, ಯಾವ ಪಾಸ್‌ಪೋರ್ಟು ಕಾದು ಕುಳಿತಿದೆ?

ನೌಕರಿಯ ಮಾತು ಬಂತಲ್ಲ, ಅದನ್ನೂ ಆಡಿ ಮುಗಿಸುವೆ. ನಮ್ಮ ಈ ಕರಾವಳಿ ದೇಶಕ್ಕೆ ಬ್ಯಾಂಕುಗಳನ್ನು ಹೆತ್ತುಕೊಟ್ಟಿತು. ಆಟಗಾರರಿಗೆ ನೌಕರಿ ಎಂದರೆ ಒಂದು ಕಾಲದಲ್ಲಿ ಬ್ಯಾಂಕು. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ದೇಶಕ್ಕೇ ಗೊತ್ತಿತ್ತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡದ ಹೊಟ್ಟೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ನಿಗೆ. ಬೋರ್ಡು ಇಳಿಸುವಾಗ ಷೇರಿನ ಲೆಕ್ಕ ಹಾಕಿದವರು ಆಟಗಾರರ ಲೆಕ್ಕ ಹಾಕಿದರೇ? ಮಮತಾ ಪೂಜಾರಿ ಅವರಿಗೂ ಅನ್ನ ಕೊಟ್ಟದ್ದು ಸಿಕಂದರಾಬಾದಿನ ರೈಲ್ವೆ. ಪಕ್ಕದ ಕೇರಳದಲ್ಲಿ ಸರ್ಕಾರದ ವಿದ್ಯುತ್ ಮಂಡಳಿಯೇ ಹುಡುಗಿಯರಿಗೆ ಕೆಲಸ ಕೊಟ್ಟು ವಾಲಿಬಾಲ್ ತಂಡ ಕಟ್ಟಿದೆ. ಆದ್ದರಿಂದಲೇ ಮಹಿಳಾ ವಾಲಿಬಾಲಿನಲ್ಲಿ ರೈಲ್ವೆಗೆ ಎದುರು ನಿಲ್ಲುವ ರಾಜ್ಯವೆಂದರೆ ಕೇರಳ. ಎರ್ಮಾಳಿನ ಮಗ್ಗುಲಿಗೇ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ನಿಂತಿದೆ. ಬೂದಿ ನಮಗೆ, ಬೆಳಕು ಊರಿಗೆಲ್ಲ. ಆ ಬೆಳಕಿನಲ್ಲಿ ಆಡುವ ಹಕ್ಕು ನಮ್ಮ ಹುಡುಗಿಗೆ ಯಾವಾಗ?

ಪರವೂರಿಗೆ ಹೋಗುವುದು ನಮಗೆ ಹೊಸತೇ? ಬೊಂಬಾಯಿಯ ಹೋಟೆಲು, ಬಹರೈನಿನ ಗೋದಾಮು, ದುಬೈಯ ಕಚೇರಿ — ಈ ಕರಾವಳಿಯ ಮನೆಗಳು ಎದ್ದದ್ದೇ ಹೊರಗಿನ ದುಡ್ಡಿನಿಂದ. ಗಲ್ಫಿಗೆ ಹೊರಟ ಹುಡುಗನಿಗೆ ದೈವದ ಮುಂದೆ ಪ್ರಾರ್ಥನೆ ಇಡಿಸುತ್ತೀರಿ. ಗಂಡನ ಹಿಂದೆ ಕತಾರಿಗೆ ಹೊರಟ ಹುಡುಗಿಗೆ ಹೂ ಮುಡಿಸುತ್ತೀರಿ. ಚೆಂಡು ಹಿಡಿದು ತಾನಾಗಿಯೇ ಹೊರಟವಳಿಗೆ ಮಾತ್ರ ‘ಮದುವೆ ಯಾವಾಗ’ ಎಂಬ ಪ್ರಶ್ನೆ. ವೀಸಾ ಅದೇ, ವಿಮಾನ ಅದೇ. ನಿಮ್ಮನ್ನು ಚುಚ್ಚುವುದು ಅವಳು ಯಾರ ಹಿಂದೆಯೂ ಹೋಗುತ್ತಿಲ್ಲ ಎಂಬುದು.

ಆದ್ದರಿಂದ ಬೇಡುವುದಿಲ್ಲ, ಕೇಳುತ್ತೇವೆ. ರಾಷ್ಟ್ರೀಯ ಶಿಬಿರದ ಆಯ್ಕೆಯಲ್ಲಿ ಯಾರಿಗೆ ಎಷ್ಟು ಅಂಕ, ಯಾವ ಕಾರಣಕ್ಕೆ ಬಿಟ್ಟಿರಿ ಎಂಬುದು ಗೋಡೆಗೆ ಅಂಟಬೇಕು. ಹೊರದೇಶದ ಕ್ಲಬ್ಬು ಕರೆದರೆ ಗಡುವಿನೊಳಗೆ ಸಹಿ ಬೀಳಬೇಕು. ಗಂಡಸರ ಲೀಗಿಗೆ ಸ್ಟೇಡಿಯಂ ಕೊಡುವ ಸರ್ಕಾರ, ಅದರ ಪಕ್ಕದಲ್ಲಿ ಹೆಂಗಸರ ಲೀಗೂ ನಡೆಯಬೇಕೆಂದು ಷರತ್ತು ಹಾಕಬೇಕು. ವಿದ್ಯುತ್ ಕಂಪನಿಗಳು, ಸಾರಿಗೆ ನಿಗಮಗಳು, ಪೊಲೀಸ್ ಇಲಾಖೆ ಹುಡುಗಿಯರ ತಂಡ ಕಟ್ಟಬೇಕು, ಸಂಬಳ ಕೊಟ್ಟು. ಶಾಲೆಯಲ್ಲಿ ಥ್ರೋಬಾಲಿನ ಜೊತೆಗೆ ವಾಲಿಬಾಲೂ ಹುಡುಗಿಯ ಕೈಗೆ ಬರಬೇಕು.

ದೆಹಲಿ ಕೇಳಿಸಿಕೊಳ್ಳದಿರಬಹುದು, ಬೆಂಗಳೂರು ನಾಳೆ ನೋಡೋಣ ಎನ್ನಬಹುದು. ಎರ್ಮಾಳಿನದ್ದು ನಮ್ಮ ಕೈಯಲ್ಲೇ ಇದೆ. ಬರುವ ಹಂಗಾಮಿಗೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಬರುವ ತಮ್ಮಂದಿರೇ, ಮೊದಲು ಆಮಂತ್ರಣ ಪತ್ರಿಕೆ ತೋರಿಸಿ. ಅದರಲ್ಲಿ ಮಹಿಳೆಯರ ವಾಲಿಬಾಲ್ ಪಂದ್ಯಾಟ ಇರಬೇಕು. ಅದೇ ಅಂಕಣದಲ್ಲಿ, ಅದೇ ಬೆಳಕಿನಲ್ಲಿ, ಅದೇ ಮೊತ್ತದ ಬಹುಮಾನಕ್ಕೆ. ಇದ್ದರೆ ರಶೀದಿ ಹರಿಯಿರಿ. ಇಲ್ಲದಿದ್ದರೆ ಈ ಮನೆಯಿಂದ ಒಂದು ರೂಪಾಯಿ ಚಂದಾ ಇಲ್ಲ. ಪಕ್ಕದ ಮನೆಗೂ ಹೋಗಿ ಕೊಡಬೇಡಿ ಎಂದು ಹೇಳಿ ಬರುತ್ತೇನೆ.